ಮುತ್ತುಗದ ಮರಕ್ಕೆ ಕಬ್ಬಿಣದ ಹೂವು

ಇದು ನಡೆದದ್ದು ಭೂಮಿಗೆ ಮೊದಲ ಬೇಸಗೆ ಬಂದ ವರ್ಷ.

ಆಗ ಎಲ್ಲವೂ ಹೊಸತು. ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಗಾಳಿ ಒಂದೇ ಗುಡ್ಡವನ್ನು ದಿನಕ್ಕೆ ಎರಡು ಬಾರಿ ಎಡವುತ್ತಿತ್ತು. ಮರಗಳಿಗೆ ಎಲೆ ಬಂದಿತ್ತು, ಹೂವು ಬಂದಿರಲಿಲ್ಲ.

ಹೊಳೆಯ ದಂಡೆಯ ಮೇಲೆ ಒಂದು ಕುಲುಮೆಯಿತ್ತು. ಇಡೀ ಭೂಮಿಗೆ ಅದೊಂದೇ ಕುಲುಮೆ. ಅಲ್ಲಿ ಮೋನಾಚಾರಿ ಸುತ್ತಿಗೆ ಹಿಡಿಯುತ್ತಿದ್ದನು; ಅವನ ಹೆಂಡತಿ ಸಾಕವ್ವ ತಿದಿ ಒತ್ತುತ್ತಿದ್ದಳು. ತಿದಿಯೆಂದರೆ ಬೆಂಕಿಗೆ ಉಸಿರು ಕೊಡುವ ತೊಗಲಿನ ಚೀಲ. ಗಾಳಿ ಅದರೊಳಗೆ ಹೋಗುವಾಗ ಒಮ್ಮೆ ಗೊಣಗುತ್ತಿತ್ತು, ಹೊರಗೆ ಬರುವಾಗ ಇನ್ನೊಮ್ಮೆ ಗೊಣಗುತ್ತಿತ್ತು.

"ಇಡೀ ಆಕಾಶ ನನ್ನದು, ಸಾಕವ್ವ. ಈ ಚೀಲದೊಳಗೆ ನನಗೇನು ಕೆಲಸ?"

"ಆಕಾಶದಲ್ಲಿ ನೀನು ಮಾಡುವ ಕೆಲಸವನ್ನೂ ನೋಡಿದ್ದೇನೆ," ಎನ್ನುತ್ತಿದ್ದಳು ಸಾಕವ್ವ. "ಒಳಗೆ ನಡೆ."

ಕುಲುಮೆಗೆ ತಗ್ಗಾದ ಹುಲ್ಲಿನ ಮಾಡು, ಒಂದೇ ಬಾಗಿಲು. ಒಳಗೆ ಸದಾ ಮಬ್ಬು. ಆ ಮಬ್ಬಿನಲ್ಲಿ ಮೋನಾಚಾರಿ ಬಣ್ಣ ನೋಡಿ ಕಬ್ಬಿಣದ ಕಾವು ಹೇಳುತ್ತಿದ್ದನು. ಹಳದಿಯಾದರೆ ಬಡಿಯಬೇಕು. ಕೆಂಪಾದರೆ ಬಗ್ಗಿಸಬೇಕು. ಕಪ್ಪಾದರೆ ಆರಿತು. ಅವನ ವಿದ್ಯೆಯೆಲ್ಲ ಅಷ್ಟೇ. ಆದರೆ ಅದು ಒಮ್ಮೆಯೂ ತಪ್ಪಿರಲಿಲ್ಲ. ಕುಲುಮೆಯ ಹೊರಗೆ ಅವನು ಎಂದೂ ಕಬ್ಬಿಣ ಕಾಸಿರಲಿಲ್ಲ.

ಕುಲುಮೆಯಿಂದ ನೂರು ಹೆಜ್ಜೆಯಾಚೆ ಒಂದು ಸೊಟ್ಟ ಮರವಿತ್ತು. ಅದಕ್ಕೆ ಹೆಸರೂ ಇರಲಿಲ್ಲ. ಆದರೆ ಅದರ ಎಲೆ ಅಗಲವಾಗಿ, ದಪ್ಪವಾಗಿ, ಊಟಕ್ಕೆ ಹೇಳಿ ಮಾಡಿಸಿದಂತಿತ್ತು. ಹೊಸ ಲೋಕದಲ್ಲಿ ಯಾರ ಬಳಿಯೂ ತಟ್ಟೆಯಿರಲಿಲ್ಲ. ಹಸಿದವರೆಲ್ಲ ಬಂದು, "ಒಂದು ಎಲೆ ಕೊಡು," ಎಂದು ಕೇಳಿದರು. ಕರಡಿ ಕೇಳಿತು, ಮರ ಕೊಟ್ಟಿತು. ಕೋತಿ ಕೇಳಿತು, ಕೊಟ್ಟಿತು. ಕೊನೆಗೆ ಎರಡೇ ಎಲೆಗಳು ಉಳಿದವು. ಆ ಎರಡನ್ನು ಸಾಕವ್ವ ಕೇಳಿದಳು. ಅವನ್ನೂ ಕೊಟ್ಟಿತು.

ಮರುದಿನ ವಸಂತ ಹೂವಿನ ಬುಟ್ಟಿ ಹೊತ್ತುಕೊಂಡು ಬಂದನು. ಹೊಂಗೆಗೆ ಕೊಟ್ಟನು, ಸಂಪಿಗೆಗೆ ಕೊಟ್ಟನು, ಬೇವಿಗೆ ಎರಡು ಹಿಡಿ ಹೆಚ್ಚೇ ಕೊಟ್ಟನು. ಸೊಟ್ಟ ಮರದ ಮುಂದೆ ಬಂದು ನಿಂತನು. ಒಂದೂ ಎಲೆಯಿಲ್ಲದ ಕೊಂಬೆಗಳನ್ನು ನೋಡಿದನು. "ಪಾಪ, ಒಣಗಿದೆ," ಎಂದು ಮುಂದೆ ಹೋದನು. ಕೂಗಿ ಕರೆಯುವುದು ಆ ಮರಕ್ಕೆ ತಿಳಿದಿರಲಿಲ್ಲ.

ಬೇಸಗೆ ಬಂದಿತು. ಒಂದು ಬೆಳಿಗ್ಗೆ ಗಿಳಿ ಕುಲುಮೆಯ ಬಾಗಿಲಲ್ಲಿ ಬಂದು ಕುಳಿತಿತು.

"ಸಾಕವ್ವ, ಆ ದಿನದ ಊಟ ಹೇಗಿತ್ತು?"

"ಯಾವ ದಿನದ್ದು?"

"ಎಲೆಯ ಮೇಲೆ ಉಂಡ ದಿನದ್ದು. ಆ ಮರಕ್ಕೆ ಹೂವಿಲ್ಲ. ಹೂವಿಲ್ಲದೆ ಕಾಯಿಲ್ಲ, ಕಾಯಿಲ್ಲದೆ ಬೀಜವಿಲ್ಲ. ಮೊದಲ ಮಳೆ ಬೀಳುವ ದಿನ ಭೂಮಿತಾಯಿ ಮರಕ್ಕೊಂದು ಬೀಜ ಕೇಳುತ್ತಾಳೆ. ಕೊಡದ ಮರದ ಕುಲ ಅಲ್ಲಿಗೇ ಮುಗಿಯಿತು. ಇರಲಿ, ಊಟವಾದರೂ ಚೆನ್ನಾಗಿತ್ತೇ?"

ಸಾಕವ್ವನ ಕೈ ತಿದಿಯ ಮೇಲೆ ನಿಂತುಹೋಯಿತು. ಆ ಎರಡು ಎಲೆಗಳಲ್ಲಿ ಒಂದನ್ನಾದರೂ ಬಿಟ್ಟಿದ್ದರೆ ವಸಂತ ಅದನ್ನು ನೋಡಿರುತ್ತಿದ್ದನು. ಒಂದೇ ಎಲೆ ಸಾಕಾಗುತ್ತಿತ್ತು.

"ಕೇಳಿ," ಎಂದಳು ಗಂಡನಿಗೆ. "ನೀವು ಹೂವು ಮಾಡಬೇಕು."

"ನಾನು ಕುಡುಗೋಲು ಮಾಡುವವನು."

"ಕುಡುಗೋಲೂ ಬಾಗಿರುತ್ತದೆ, ಹೂವಿನ ಎಸಳೂ ಬಾಗಿರುತ್ತದೆ."

"ಕಬ್ಬಿಣದ ಹೂವು ಕಾಯಿ ಬಿಡುವುದುಂಟೇ?"

"ಅದು ನನಗೆ ಗೊತ್ತಿಲ್ಲ. ಉಂಡವರು ನಾವು. ಕೈ ತೊಳೆದುಕೊಂಡು ಸುಮ್ಮನೆ ಕೂರಲು ನನ್ನಿಂದಾಗದು."

ಮೋನಾಚಾರಿ ಕಬ್ಬಿಣ ಬಡಿಯುವ ಅಡಿಗಲ್ಲನ್ನು ಹೆಗಲಿಗೇರಿಸಿದನು. ಮರ ಕುಲುಮೆಗೆ ಬರುವಂತಿಲ್ಲ. ಒಂದೊಂದು ಕೊಂಬೆಯ ಅಳತೆ ನೋಡಿಯೇ ತೊಟ್ಟು ಬಗ್ಗಿಸಬೇಕು. ಆದ್ದರಿಂದ ತಿದಿ, ಬೆಂಕಿಯೊಡನೆ ಕುಲುಮೆಯೇ ಮರದ ಬಳಿಗೆ ಹೋಯಿತು. ಎಲೆಯಿಲ್ಲದ ಮರದ ಕೆಳಗೆ ನೆರಳಿರಲಿಲ್ಲ. ಬಿಸಿಲು ನೆತ್ತಿಯ ಮೇಲೆ ನಿಂತಿತ್ತು.

"ಯಾಕಪ್ಪಾ, ಒಂದು ಎಲೆ ಉಳಿಸಿ ಎಂದು ನಮ್ಮನ್ನು ಕೇಳಬಾರದಿತ್ತೇ?" ಎಂದಳು ಸಾಕವ್ವ ಮರಕ್ಕೆ.

"ನೀವೆಲ್ಲ ಉಣ್ಣುತ್ತಿದ್ದಿರಿ, ತಾಯಿ," ಎಂದಿತು ಮರ.

ಮೋನಾಚಾರಿ ಅದುವರೆಗೆ ಯಾವ ಹೂವನ್ನೂ ಗಮನವಿಟ್ಟು ನೋಡಿದವನಲ್ಲ. ಎದುರಿನ ಕೊಂಬೆಯಲ್ಲಿ ಗಿಳಿ ಬಾಯಿ ಮುಚ್ಚದೆ ಮಾತಾಡುತ್ತಿತ್ತು. ಅವನು ಕಬ್ಬಿಣದ ತುಂಡನ್ನು ಕಾಸಿದನು, ತೆಳ್ಳಗೆ ತಟ್ಟಿದನು, ಅಡಿಗಲ್ಲಿನ ಅಂಚಿಗೆ ಇಟ್ಟು ಮೆಲ್ಲಗೆ ಬಗ್ಗಿಸಿದನು. ಎಸಳು ಕೊಕ್ಕೆಯಂತೆ ಬಾಗಿತು.

"ಇದು ನನ್ನ ಮೂಗು," ಎಂದಿತು ಗಿಳಿ.

"ನೀನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಬೇರೆ ಏನಾದರೂ ನನ್ನ ಕಣ್ಣಿಗೆ ಬೀಳುತ್ತಿತ್ತು," ಎಂದನು ಮೋನಾಚಾರಿ.

ಮೊದಲ ಹೂವು ಮುಗಿಯಿತು. ಅವನು ಅದನ್ನು ಎತ್ತಿ ಹಿಡಿದು ನೋಡಿದನು. ಬಿಸಿಲಿನಲ್ಲಿ ಅದು ಕಪ್ಪಾಗಿ ಕಾಣಿಸಿತು. ಕಪ್ಪಾದರೆ ಆರಿತು. ಬೆಂಕಿಯಿಂದ ಬಂದದ್ದನ್ನು ಕೈಯಿಂದ ಮುಟ್ಟುವ ರೂಢಿ ಅವನಿಗಿರಲಿಲ್ಲ. ತೊಟ್ಟನ್ನು ಇಕ್ಕುಳದಲ್ಲಿ ಹಿಡಿದು ಕೊಂಬೆಗೆ ಸಿಕ್ಕಿಸಿದನು. ಎರಡನೆಯದು ಮುಗಿಯಿತು, ಅದೂ ಕಪ್ಪು, ಸಿಕ್ಕಿಸಿದನು. ಹತ್ತಾಯಿತು, ನೂರಾಯಿತು. ಗುಡ್ಡದ ಹಿಂದೆ ಒಂದು ಮೋಡ ತಲೆಯೆತ್ತಿತ್ತು. ಅದು ಭೂಮಿಯ ಮೊದಲ ಮೋಡ. ಅವನು ಇನ್ನೂ ಬೇಗ ಬಡಿದನು.

ಮರ ನಡುಗುತ್ತಿರುವುದನ್ನು ಸಾಕವ್ವ ಕಂಡಳು.

"ಗಾಳಿಯೇ, ಕೊಂಬೆ ಅಲುಗಿಸಬೇಡ. ಅವರ ಕೈ ತಪ್ಪುತ್ತದೆ."

"ನಾನು ನಿನ್ನ ಚೀಲದೊಳಗಿದ್ದೇನೆ," ಎಂದಿತು ಗಾಳಿ.

ಅವಳು ತಿದಿ ಒತ್ತುವುದನ್ನು ನಿಲ್ಲಿಸಿದಳು. ಸುತ್ತಲಿನ ಮರಗಳ ಒಂದೆಲೆಯೂ, ಒಂದು ಹುಲ್ಲೂ ಅಲುಗುತ್ತಿರಲಿಲ್ಲ. ಮರ ಮಾತ್ರ ನಡುಗುತ್ತಿತ್ತು. ಅದರ ತೊಗಟೆಯಿಂದ ಕೆಂಪು ಹನಿಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು.

ಆಗ ಮೋಡ ಸೂರ್ಯನ ಮುಂದೆ ಬಂದಿತು. ನೆಲದ ಮೇಲೆ ಮೋಡದ ಮೊದಲ ನೆರಳು ಹಾಸಿತು.

ಮರ ಬೆಳಗಿತು.

ಬೆಳಗಿತು ಎನ್ನುವುದಕ್ಕಿಂತ ಬೇರೆ ಮಾತಿಲ್ಲ. ಕಪ್ಪೆಂದು ಸಿಕ್ಕಿಸಿದ ಒಂದೊಂದು ಹೂವೂ ಕೆಂಡವಾಗಿತ್ತು. ಅಡಿಯ ಕೊಂಬೆಯಿಂದ ತುದಿಯ ಕೊಂಬೆಯವರೆಗೆ, ಎಲೆಯ ಮರೆಯೂ ಇಲ್ಲದೆ, ಇಡೀ ಮರ ಉರಿಯದೆ ಉರಿಯುತ್ತಿತ್ತು. ಹೊಳೆ ಹರಿಯುವುದನ್ನು ನಿಲ್ಲಿಸಿ ನೋಡಿತು. ಸಾಕವ್ವ ತನಗೇ ತಿಳಿಯದೆ ಕೈ ಮುಗಿದಿದ್ದಳು.

ಮೋನಾಚಾರಿಯ ಸುತ್ತಿಗೆ ಕೆಳಗೆ ಬಿದ್ದಿತು. ಬಿಸಿಲು ಕೆಂಡದ ಬಣ್ಣವನ್ನು ನುಂಗುತ್ತದೆ ಎಂಬುದು ಅವನಿಗೆ ಆಗ ತಿಳಿಯಿತು. ಕಾದ ಕಬ್ಬಿಣವನ್ನು, ಒಂದೊಂದಾಗಿ, ಅವನೇ ತನ್ನ ಕೈಯಾರೆ ಆ ಮರಕ್ಕೆ ಸಿಕ್ಕಿಸಿದ್ದನು.

"ಯಾಕೆ ಹೇಳಲಿಲ್ಲ ನೀನು?" ಎಂದನು.

"ನನಗೆ ಹಿಂದೆಂದೂ ಹೂವು ಬಂದಿರಲಿಲ್ಲ," ಎಂದಿತು ಮರ. "ಹೂ ಬಿಡುವುದೆಂದರೆ ಎಲ್ಲರಿಗೂ ಹೀಗೆಯೇ ನೋಯುತ್ತದೆ ಎಂದುಕೊಂಡೆ."

ಸಾಕವ್ವ ಕೊಡ ಎತ್ತಿಕೊಂಡು ಹೊಳೆಗೆ ಓಡಿದಳು. ತುಂಬಿಕೊಂಡು ಬಂದಳು. ಮೋನಾಚಾರಿ ಅವಳ ಕೈ ಹಿಡಿದನು.

"ಮರವೇ, ಮೊದಲು ಕೇಳು," ಎಂದನು. "ನೀರು ಬಿದ್ದರೆ ನಿನ್ನ ಉರಿ ಈಗಲೇ ನಿಲ್ಲುತ್ತದೆ. ಆದರೆ ಕಾದ ಕಬ್ಬಿಣ ನೀರು ಕುಡಿದರೆ ಗಡುಸಾಗುತ್ತದೆ. ಆಮೇಲೆ ಅದು ಕಬ್ಬಿಣವೇ. ತಾನಾಗಿ ಆರಿದರೆ ಮೆದುವಾಗುತ್ತದೆ. ಮೆದುವಾದದ್ದು ಹೂವಾದೀತೋ ಇಲ್ಲವೋ, ನಾನು ಕಂಡಿಲ್ಲ. ನೀನು ಹೇಳಿದಂತೆ ಮಾಡುತ್ತೇನೆ."

"ಹಾಗಾದರೆ ನೀರು ಬೇಡ," ಎಂದಿತು ಮರ.

ಸಾಕವ್ವ ಕೊಡ ಇಳಿಸಿದಳು. ಅಷ್ಟರಲ್ಲಿ ಅವಳ ಕೆನ್ನೆಯ ಮೇಲೆ ತಣ್ಣನೆಯ ಒಂದು ಹನಿ ಬಿದ್ದಿತು. ತಲೆಯೆತ್ತಿದಳು. ಮೋಡ ಬಸುರಿಯಂತೆ ಜೋತು ಬಿದ್ದಿತ್ತು. ಮಳೆ ಈಗ ಬಂದರೆ ಹೂವೆಲ್ಲ ಗಡುಸಾಗುತ್ತದೆ. ಭೂಮಿತಾಯಿ ಬಂದು ಬೀಜ ಕೇಳುತ್ತಾಳೆ. ಮರ ಇಷ್ಟು ನೊಂದದ್ದೂ ವ್ಯರ್ಥ.

ಅವಳು ತಿದಿಯ ಬಾಯಿ ಕಟ್ಟಿದ ದಾರವನ್ನು ಬಿಚ್ಚಿದಳು.

"ಗಾಳಿಯೇ, ಹೊರಗೆ ಬಾ. ಇಡೀ ಆಕಾಶ ನನ್ನದು ಎನ್ನುತ್ತಿದ್ದೆಯಲ್ಲ. ಈಗ ತೋರಿಸು."

ಗಾಳಿ ಗೊಣಗಲಿಲ್ಲ. ನೆಲದಿಂದ ಧೂಳೆಬ್ಬಿಸಿಕೊಂಡು ಎದ್ದಿತು, ಮೋಡಕ್ಕೆ ಹೆಗಲು ಕೊಟ್ಟಿತು, ನೂಕಿತು. ಮೋಡ ಕದಲಲಿಲ್ಲ. ಮತ್ತೆ ನೂಕಿತು. ಮೂರನೆಯ ಸಲಕ್ಕೆ ಮೋಡ ಗುಡ್ಡದಾಚೆಗೆ ಉರುಳಿತು. ಮೊದಲ ಮಳೆ ಎರಡು ತಿಂಗಳು ತಡವಾಯಿತು.

ಅವರು ಮರದ ಬುಡದಲ್ಲೇ ಕುಳಿತರು. ಕಾವು ಇಳಿಯುತ್ತ ಬಂದಂತೆ ಮರದ ರಸ ಮೇಲೇರಿ ಒಂದೊಂದು ಹೂವಿನೊಳಗೂ ಹರಿಯಿತು. ಇಕ್ಕುಳ ಹಿಡಿದ ತೊಟ್ಟಿನ ಬಳಿ ಮೊದಲೇ ಆರಿ ಕಪ್ಪಾಗಿತ್ತು. ಅದು ಹಾಗೆಯೇ ಉಳಿಯಿತು. ಎಸಳಿನ ಕಾವು ಹೋಯಿತು, ಬಣ್ಣ ಹೋಗಲಿಲ್ಲ. ಮೋನಾಚಾರಿ ತನ್ನ ಬಾಳಿನಲ್ಲಿ ಮೊದಲ ಬಾರಿಗೆ ಇಕ್ಕುಳವನ್ನು ಬದಿಗಿಟ್ಟು ಬರಿಗೈ ಚಾಚಿದನು. ಅವನ ಒರಟು ಬೆರಳಿಗೆ ಎಸಳು ಮೆತ್ತಗೆ ಬಗ್ಗಿತು.

ಗಿಳಿ ತನ್ನದೇ ಮೂಗಿನಂಥ ಹೂವಿನೊಳಗೆ ಮೂಗಿಟ್ಟು ಸಿಹಿ ಕುಡಿಯಿತು. ಹೂವು ಕಾಯಾಯಿತು. ಮಳೆ ಬಂದಿತು. ಭೂಮಿತಾಯಿ ಕೈ ಚಾಚಿದಾಗ ಕೊಡಲು ಮರದ ಬಳಿ ಬೀಜವಿತ್ತು. ತೊಗಟೆಯ ಮೇಲಿನ ಕೆಂಪು ಹನಿಗಳು ಆರಿ ಮುತ್ತಿನಂತಾಗಿದ್ದವು. ಅವನ್ನು ನೋಡಿ ಸಾಕವ್ವ ಅದಕ್ಕೆ ಮುತ್ತುಗ ಎಂದು ಹೆಸರಿಟ್ಟಳು.

ಇಂದಿಗೂ ಮುತ್ತುಗ ಹೂ ಬಿಡುವ ಮುನ್ನ ಎಲೆಯನ್ನೆಲ್ಲ ಕೊಟ್ಟುಬಿಡುತ್ತದೆ. ಹೂವಿನ ತೊಟ್ಟು ಮಸಿ ಹಿಡಿದಂತೆ ಕಪ್ಪು, ಎಸಳು ಗಿಳಿಮೂಗಿನಂತೆ ಬಾಗಿದ ಕೆಂಡ. ಮೂಸಿದರೆ ಪರಿಮಳವಿಲ್ಲ, ಕಬ್ಬಿಣಕ್ಕೆ ಅದು ಎಲ್ಲಿಂದ ಬರಬೇಕು. ಒಂದು ಕಾಯಿಗೆ ಒಂದೇ ಬೀಜ, ಕೇಳಿದ್ದು ಅಷ್ಟೇ. ನೀವು ಬಯಲಿನಲ್ಲಿ ಆ ಮರವನ್ನು ಕಂಡಾಗ, ಒಂದು ಮೋಡ ಸೂರ್ಯನ ಮುಂದೆ ಬರುವವರೆಗೆ ಕಾದು ನಿಂತು ನೋಡಿ.

ಅಂದು ಅಲ್ಲಿ ಇದ್ದವರು: ಮೋನಾಚಾರಿ, ಸಾಕವ್ವ, ಗಿಳಿ, ಹೊಳೆ, ಗಾಳಿ, ಮೊದಲ ಮೋಡ, ಮತ್ತು ಆಗಿನ್ನೂ ಹೆಸರಿಲ್ಲದ ಮುತ್ತುಗ.