ದೊಡ್ಡೀರ ಬರಿದು ಮಾಡಿದ ಪೆನ್‌ಡ್ರೈವ್

ನಗೋರು ನಗಬಹುದು, ದೊಡ್ಡೀರನ ಕತೆ ಇದು. ಮೈಕ್‌ಸೆಟ್ ಅಂಗಡಿ ಚೆನ್ನಾಜಮ್ಮನಿಗೆ ಇವನೊಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅದೇ ಅವಳ ಗೋಳು! ಗಂಡ ಮರಿಯಪ್ಪ ತೀರಿಕೊಂಡಿದ್ದ. ಆಗೆಲ್ಲ ಅವನು ಮೈಕಿನಲ್ಲಿ ಊಟಕ್ಕೆ ಕರೆಯದೆ ಮದುವೆಮನೆಯಲ್ಲಿ ಯಾರೂ ಎಲೆಗೆ ಕೂರುತ್ತಿರಲಿಲ್ಲ. ಆ ದನಿ ಈಗ ಒಂದೇ ಒಂದು ಪೆನ್‌ಡ್ರೈವಿನಲ್ಲಿ ಉಳಿದಿತ್ತು. ಸಂಜೆ ಅದನ್ನು ಕೇಳಿಯೇ ಚೆನ್ನಾಜಮ್ಮ ಒಲೆ ಹಚ್ಚುವಳು.

ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಕರಿ ಪರದೆ ಮೇಲೆ ಕಮಾಂಡ್ ಬರೆದೇ ಕೆಲಸ. ಗಂಡ ಕಲಿಸಿಹೋದದ್ದು. ಒಂದು ದಿನ ಹಾಡಿನ ಪೆನ್‌ಡ್ರೈವ್ ಕೆಟ್ಟಿತು.

"ಫಾರ್ಮ್ಯಾಟ್ ಅಂತ ಬರೆದು, ಡ್ರೈವಿನ ಅಕ್ಷರ ಹಾಕಿ, ಎಂಟರ್ ಒತ್ತಪ್ಪ" ಅಂದಳು ಅವ್ವ.

ಒತ್ತಿದ. "ಎಲ್ಲಾ ಅಳಿಸಿಹೋಗುತ್ತೆ, ಮುಂದುವರಿಯಲಾ?" ಅಂತ ಪರದೆ ಕೇಳಿತು. ಸಂಜೆತನಕ ಸುಮ್ಮನೆ ಕೂತ!

"ಅಯ್ಯೋ ಮಂಕೇ! ಕೇಳಿದರೆ ಹೂಂ ಅನ್ನಬೇಕು ಕಣೋ!"

"ಹಂಗೇ ಆಗ್ಲಿ ಕಣವ್ವ."

ಮಾರನೇ ದಿನ ಗುಜರಿಯವನು ಬಂದ. "ಈ ಮೈಕಿನ ಹಾರ್ನ್ ಒಯ್ಯಲೇನಪ್ಪ?"

"ಹೂಂ!"

ಚೆನ್ನಾಜಮ್ಮ ಬೀದಿ ಕೊನೆತನಕ ಓಡಿ ಕಿತ್ತುಕೊಂಡು ಬಂದಳು. "ಹೂಂ ಅನ್ನೋಕೆ ಮುಂಚೆ ಅದರ ಮೇಲೆ ಯಾರ ಹೆಸರಿದೆ ನೋಡಬೇಕು ಕಣೋ!"

"ಹಂಗೇ ಆಗ್ಲಿ ಕಣವ್ವ."

ಆಮೇಲೊಂದು ಮದುವೆಯೂಟ. "ಸಾರು ಬಡಿಸಲಾ?" ಅಂದರು. ದೊಡ್ಡೀರ ಬಕೆಟ್ ಇಸಿದುಕೊಂಡು ಬೋರಲು ಹಾಕಿ, ತಳದಲ್ಲಿ ಕೆತ್ತಿದ ಹೆಸರು ಓದಿದ. ಪಂಕ್ತಿಯೆಲ್ಲ ಸಾರು!

"ಬೋರಲು ಹಾಕೋಕೆ ಮುಂಚೆ ಒಳಗಿರೋದನ್ನ ಹೊರಗೆ ತೆಗೀಬೇಕು ಕಣೋ!" ಅಂತ ಅವ್ವ ತಲೆ ಚಚ್ಚಿಕೊಂಡಳು.

ವಾರ ಕಳೆಯಲಿಲ್ಲ, ಮರಿಯಪ್ಪನ ದನಿಯಿದ್ದ ಪೆನ್‌ಡ್ರೈವೇ ತಕರಾರು ತೆಗೆಯಿತು. ಅಷ್ಟರಲ್ಲಿ ನಲ್ಲಿ ನೀರೂ ಬಂತು.

"ಫಾರ್ಮ್ಯಾಟ್ ಮಾಡು. ಆದರೆ ಮೊದಲು ಒಳಗಿರೋದನ್ನ ಹೊರಗೆ ತೆಗಿ, ಜೋಪಾನ!" ಅಂತ ಸಾರಿ ಸಾರಿ ಹೇಳಿ ಕೊಡ ಹಿಡಿದು ಹೋದಳು.

ಕೊಡ ಅರ್ಧ ತುಂಬಿತ್ತು. ಬೀದಿಯೆಲ್ಲ ಮೊಳಗಿತು: "ಬಂಧುಗಳೇ, ಎಲೆ ಹಾಕಿದೆ! ಹಸಿದುಕೊಂಡು ಯಾರೂ ಹೋಗಬೇಡಿ!"

ಗಂಡನ ದನಿ! ಕೊಡ ಬಿಟ್ಟು, ಸೆರಗು ಸರಿಮಾಡಿಕೊಳ್ಳುತ್ತ ಓಡಿದಳು. ಬೀದಿಯವರೂ ಓಡಿಬಂದರು.

ದೊಡ್ಡೀರ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬದಲು ಹಾರ್ನ್ ಹಚ್ಚಿ, ಒಳಗಿದ್ದುದನ್ನೆಲ್ಲ ಬೀದಿಗೆ ಕೇಳುವಂತೆ ಹೊರಗೆ ತೆಗೆದಿದ್ದ. ಅಳಿಸಲಾ ಅಂತ ಪರದೆ ಕೇಳಿದಾಗ ಪೆನ್‌ಡ್ರೈವಿನ ಮೇಲೆ ಯಾರ ಹೆಸರಿದೆ ನೋಡಿದ್ದ. ಅಪ್ಪನ ಹೆಸರೇ ಇತ್ತು. ಹೂಂ ಅಂದಿದ್ದ. ಅವ್ವನ ಒಂದು ಮಾತನ್ನೂ ಮೀರಿರಲಿಲ್ಲ. ಪೆನ್‌ಡ್ರೈವ್ ಮಾತ್ರ ಬರಿದು.

"ವಾಪಸ್ ಒಳಗೆ ಹಾಕೋ! ನನಗಿದ್ದದ್ದು ಅದೊಂದೇ ಕಣೋ!" ಚೆನ್ನಾಜಮ್ಮ ಅತ್ತುಬಿಟ್ಟಳು.

"ಹಂಗೇ ಆಗ್ಲಿ ಕಣವ್ವ." ದೊಡ್ಡೀರ ಪೆನ್‌ಡ್ರೈವ್ ಕಿತ್ತು, ನೆರೆಮನೆ ಅಜ್ಜನ ಬಾಯಿಗೆ ಹಿಡಿದ. "ಕೇಳಿಸ್ಕೊಂಡ್ರಲ್ಲ ತಾತ? ವಾಪಸ್ ಇದರೊಳಗೆ ಹೇಳಿ!"

ಯಾರೂ ನಗಲಿಲ್ಲ. ಅಜ್ಜ ಗಂಟಲು ಸರಿಮಾಡಿಕೊಂಡು, ಥೇಟ್ ಮರಿಯಪ್ಪನ ರಾಗದಲ್ಲೇ "ಬಂಧುಗಳೇ..." ಅಂದ. ಆಮೇಲೆ ಅಜ್ಜಿ ಹೇಳಿದಳು. ಆಮೇಲೆ ಹೂವಿನವಳು. ಎಲ್ಲರಿಗೂ ಬಾಯಿಪಾಠವಾಗಿತ್ತು! ಕಡೆಗೆ ಅವ್ವನ ಬಾಯಿಗೇ ಹಿಡಿದ.

"ಹಸಿದುಕೊಂಡು ಯಾರೂ ಹೋಗಬೇಡಿ" ಅಂದಳು ಚೆನ್ನಾಜಮ್ಮ, ಅಳುತ್ತ, ನಗುತ್ತ.

ದೊಡ್ಡೀರ ಒಂದು ಮಾತೂ ಚೆಲ್ಲದ ಹಾಗೆ ಪೆನ್‌ಡ್ರೈವಿಗೆ ಮುಚ್ಚಳ ಗಟ್ಟಿಯಾಗಿ ಒತ್ತಿದ.