ಮರಳುವ ದಾರಿಯ ನಿದ್ದೆ

“ಗುರುಗಳೇ, ಮಕ್ಕಳ ಆಟಕ್ಕೆ ನಾವು ಕೊಡುವುದು ಹೆಚ್ಚೋ, ಅದರಿಂದ ಪಡೆಯುವುದು ಹೆಚ್ಚೋ, ಹೇಗೆ ತಿಳಿಯುವುದು?” ಎಂದು ಚಾರುಮತಿ ಕೇಳಿದಳು.

ಅವಳು ಪ್ರತಿ ಗುರುವಾರ ಸಂಜೆ ಗುರುಗಳ ಬಳಿ ಪಾಠಕ್ಕೆ ಬರುವವಳು. ಅಂದು ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋದ ಮೇಲೂ ಕುಳಿತೇ ಇದ್ದಳು. ಉಪನಿಷತ್ತಿನ ಬಗ್ಗೆ ಕೇಳಬೇಕಾದ ಜಾಗದಲ್ಲಿ ಫುಟ್‌ಬಾಲಿನ ಬಗ್ಗೆ ಕೇಳುತ್ತಿದ್ದೇನಲ್ಲ ಎಂಬ ಸಂಕೋಚ ಅವಳಿಗಿತ್ತು. ಆದರೆ ಸೋಮವಾರದೊಳಗೆ ಕ್ಲಬ್ಬಿಗೆ ಉತ್ತರ ಹೇಳಬೇಕಿತ್ತು. ಉಪನಿಷತ್ತಿಗೆ ಅಂಥ ಗಡುವೇನೂ ಇರಲಿಲ್ಲ.

“ಯಾವ ಆಟ?” ಎಂದರು ಗುರುಗಳು.

“ಫುಟ್‌ಬಾಲ್. ಮಗಳು ಇಂಚರ ಒಂದು ಕ್ಲಬ್ಬಿನಲ್ಲಿ ಆಡುತ್ತಾಳೆ. ಈಗ ಆಯ್ಕೆ ತಂಡಕ್ಕೆ ಬಾ ಎಂದು ಕರೆದಿದ್ದಾರೆ. ಸೇರಿದರೆ ವಾರವಿಡೀ ಅಭ್ಯಾಸ, ರಜೆ ಬಂದರೆ ಬೇರೆ ಊರುಗಳಲ್ಲಿ ಪಂದ್ಯ.”

ಗುರುಗಳಿಗೆ ಕುತೂಹಲವಾಯಿತು. “ಆಡಿಸದೆ ಹೊರಗೆ ಕೂರಿಸಿದ ಮಕ್ಕಳೂ ಫೀಸು ಕೊಡಬೇಕೇ?”

“ಕೊಡಬೇಕು. ನೋಡುತ್ತ ನಿಂತ ಅಪ್ಪ ಅಮ್ಮಂದಿರು ಎಲ್ಲರಿಗಿಂತ ಹೆಚ್ಚು ದಣಿಯುತ್ತಾರೆ, ಅದಕ್ಕೆ ಮಾತ್ರ ಫೀಸಿಲ್ಲ.”

ಗುರುಗಳು ನಕ್ಕರು. ಚಾರುಮತಿ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿದಳು. ಆಟಕ್ಕೆ ಹೋಗಲು ಶುರುಮಾಡಿದ ಮೇಲೆ ಇಂಚರ ಹೊಟ್ಟೆತುಂಬ ಉಣ್ಣುತ್ತಾಳೆ. ಮೊಬೈಲ್ ಮುಟ್ಟುವುದು ಕಡಿಮೆಯಾಗಿದೆ. ಸೋತರೆ ಅಳುವುದಿಲ್ಲ, ಗೆದ್ದರೆ ಹಾರಾಡುವುದಿಲ್ಲ. ಅತ್ತ ನೋಡಿದರೆ ಭಾನುವಾರಗಳೆಲ್ಲ ಮೈದಾನದ ಪಾಲು. ನಾದಿನಿಯ ಗೃಹಪ್ರವೇಶಕ್ಕೆ ಬಳಗವೆಲ್ಲ ಸೇರಿದ್ದಾಗ ಇವರು ಮೂವರು ಹೆದ್ದಾರಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದರು. ಗಂಡ ಗಿರಿಧರ ಗೆರೆಯ ಪಕ್ಕ ನಿಂತು ಕೂಗುವ ಕೂಗಿಗೆ ಬೇರೆ ಮಕ್ಕಳ ತಂದೆಯರು ದೂರ ಸರಿದು ನಿಲ್ಲುತ್ತಾರೆ.

“ಮಗುವಿನ ದಣಿವಂತೂ ಹೇಳತೀರದು,” ಎಂದಳು. “ವಾಪಸು ಬರುವಾಗ ಕಾರಿನಲ್ಲಿ ಕೂತ ಕೂಡಲೇ ನಿದ್ದೆ. ಆಟದ ಬಗ್ಗೆ ಎರಡು ಮಾತು ಹೇಳೋಣವೆಂದರೆ ಎಚ್ಚರವಿದ್ದರೆ ತಾನೆ? ಮನೆ ಮುಂದೆ ಕಾರು ನಿಂತಿತೋ, ಬಾಗಿಲು ತೆಗೆದು ಸೀದಾ ಒಳಗೆ. ಬ್ಯಾಗು, ಬೂಟು ಎಲ್ಲ ನಾನೇ ಎತ್ತಿಕೊಂಡು ಬರಬೇಕು.”

“ಅವಳನ್ನೇ ಕೇಳಲಿಲ್ಲವೇ?”

“ಕೇಳಿದೆ. ‘ನಿಮ್ಮಿಷ್ಟ ಅಮ್ಮ’ ಎಂದಳು. ಬೇರೆ ಯಾವ ವಿಷಯದಲ್ಲೂ ನಮ್ಮಿಷ್ಟ ಕೇಳಿದವಳಲ್ಲ, ಗುರುಗಳೇ.”

ಅದಕ್ಕೆ ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತನಿಗೆ ಒಬ್ಬ ಮಗನಿದ್ದ. ಹುಡುಗ ಕಾಲಿಗೆ ಸಿಕ್ಕಿದ್ದನ್ನೆಲ್ಲ ಒದೆಯುತ್ತಿದ್ದ. ತೆಂಗಿನ ಚಿಪ್ಪು ಒದ್ದ, ಬದನೆಕಾಯಿ ಒದ್ದ, ಕೊನೆಗೆ ಅಮ್ಮನ ಹಳೆಯ ಸೀರೆಯನ್ನು ಉಂಡೆ ಕಟ್ಟಿ ಒದೆಯತೊಡಗಿದ. ಗುಡ್ಡದಾಚೆಯ ಪೇಟೆಯಲ್ಲಿ ಚೆಂಡಾಟ ಕಲಿಸುವ ಗರಡಿಯೊಂದಿತ್ತು. ಆ ಕಾಲದಲ್ಲಿ ಅಂಥ ಗರಡಿ ಇತ್ತೇ ಎಂದು ಕೇಳಬಾರದು. ಕತೆಗೆ ಬೇಕಾಗಿತ್ತು, ಆದ್ದರಿಂದ ಇತ್ತು.

ಸೇರಿಸಬೇಕೇ ಬೇಡವೇ ಎಂದು ಗಂಡ ಹೆಂಡತಿ ಬಹಳ ಯೋಚಿಸಿದರು. ಸೇರಿಸಿದರೆ ಹೊಲದಲ್ಲಿ ಹಕ್ಕಿ ಓಡಿಸಲು ಆಳಿಲ್ಲ, ವಾರಕ್ಕೊಂದು ದಿನ ಎತ್ತುಗಳಿಗೆ ಬಿಡುವಿಲ್ಲ. ಸೇರಿಸದಿದ್ದರೆ ಮನೆಯಲ್ಲಿ ಬದನೆಕಾಯಿ ಉಳಿಯುವುದಿಲ್ಲ. ಒಂದು ವರ್ಷ ನೋಡೋಣ ಎಂದುಕೊಂಡು ಸೇರಿಸಿದರು.

ಸಂತೆಯ ದಿನ ರೈತ ಮಗನನ್ನು ಗಾಡಿಯಲ್ಲಿ ಕೂರಿಸಿಕೊಂಡು ಪೇಟೆಗೆ ಹೋಗುತ್ತಿದ್ದ. ಮೊದಮೊದಲು ಅವನಿಗೆ ಆಟ ಅರ್ಥವಾಗುತ್ತಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಮಗನನ್ನು ಕೇಳುತ್ತಿದ್ದ. ಅವನೇಕೆ ಚೆಂಡನ್ನು ಕೈಯಲ್ಲಿ ಹಿಡಿದ? ಇವನೇಕೆ ಓಡಲಿಲ್ಲ? ಮಗ ಹೇಳುತ್ತಿದ್ದ, ಅಪ್ಪ ಕೇಳುತ್ತಿದ್ದ.

ಸುಗ್ಗಿಯ ಹೊತ್ತಿಗೆ ರೈತನಿಗೆ ಆಟ ಅರ್ಥವಾಯಿತು. ಅಂದಿನಿಂದ ಅಪ್ಪ ಹೇಳತೊಡಗಿದ, ಮಗ ಕೇಳತೊಡಗಿದ.

ರೈತ ಬಯ್ಯುವ ಮನುಷ್ಯನಲ್ಲ. ಮೆಲ್ಲಗೆ, ಪ್ರೀತಿಯಿಂದಲೇ ತಿಳಿಸಿ ಹೇಳುತ್ತಿದ್ದ. ಆ ಚೆಂಡನ್ನು ಎಡಗಡೆಯವನಿಗೆ ಕೊಟ್ಟಿದ್ದರೆ ಚೆನ್ನಾಗಿತ್ತಲ್ಲ ಮಗಾ. ನೀನು ಸ್ವಲ್ಪ ಮುಂಚೆ ಓಡಬೇಕಿತ್ತಲ್ಲ ಮಗಾ. ಹುಣಿಸೆಮರ ದಾಟುವವರೆಗೆ ಆಟದ ಮೊದಲರ್ಧ, ಹಳ್ಳ ದಾಟುವವರೆಗೆ ಉಳಿದರ್ಧ, ಊರು ಮುಟ್ಟುವವರೆಗೆ ಮುಂದಿನ ವಾರದ ಆಟ.

ಒಂದು ದಿನ ಹಳ್ಳ ದಾಟುವಷ್ಟರಲ್ಲಿ ಹುಡುಗ ಹುಲ್ಲಿನ ಮೇಲೆ ಒರಗಿ ನಿದ್ದೆಹೋದ. ರೈತ ತನ್ನ ಕಂಬಳಿ ಹೊದಿಸಿದ. ಕೆಲವು ವಾರ ಕಳೆದವು. ಹುಣಿಸೆಮರದ ಬಳಿಯೇ ನಿದ್ದೆ ಬರತೊಡಗಿತು. ಮಳೆಗಾಲ ಬರುವಷ್ಟರಲ್ಲಿ, ಎತ್ತುಗಳಿಗೆ ನೊಗ ಕಟ್ಟುವ ಮೊದಲೇ ಹುಡುಗನ ಕಣ್ಣು ಮುಚ್ಚಿರುತ್ತಿತ್ತು.

ರೈತನಿಗೆ ಚಿಂತೆಯಾಯಿತು. ಆಟ ಮಗನ ಮೈಯನ್ನು ಹಿಂಡುತ್ತಿದೆ ಎಂದುಕೊಂಡ. ವೈದ್ಯನಿಗೆ ತೋರಿಸಿದ. ವೈದ್ಯ ನಾಡಿ ಹಿಡಿದು, “ಇವನು ಇನ್ನೊಂದು ಗುಡ್ಡ ಓಡಿ ಹತ್ತಬಲ್ಲ,” ಎಂದ. ರೈತ ಹೆಂಡತಿಗೆ ಹೇಳಿ ಅನ್ನಕ್ಕೆ ತುಪ್ಪ ಹೆಚ್ಚು ಹಾಕಿಸಿದ. ನಿದ್ದೆ ಕಡಿಮೆಯಾಗಲಿಲ್ಲ.

ಹೆಂಡತಿ ಒಂದು ಮಾತು ಹೇಳಿದಳು. “ಇದೆಂಥ ನಿದ್ದೆಯೋ ಕಾಣೆ. ಹೊಲದಿಂದ ಬಂದು ಮಲಗಿದರೆ ಊಟಕ್ಕೆ ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಗಾಡಿಯಲ್ಲಿ ಮಲಗಿದವನು ಗಾಡಿ ನಿಂತ ಕೂಡಲೇ ತಾನೇ ಇಳಿದು ಬರುತ್ತಾನೆ.”

“ಎತ್ತಿನ ಗಂಟೆಯ ಸದ್ದು ನಿಂತರೆ ಎಚ್ಚರವಾಗುತ್ತದೆ,” ಎಂದ ರೈತ. ಹೆಂಡತಿ ಅವನ ಮುಖ ನೋಡಿ ಒಳಗೆ ಹೋದಳು.

ಗರಡಿಯ ವರ್ಷ ಮುಗಿಯುತ್ತ ಬಂತು. ಮುಂದೇನು ಎಂದು ರೈತ ಮಗನನ್ನು ಕೇಳಿದ. ಹುಡುಗ, “ನೀನು ಹೇಳಿದ ಹಾಗೆ ಅಪ್ಪ,” ಎಂದ. ರೈತನಿಗೆ ಇನ್ನೂ ಚಿಂತೆಯಾಯಿತು.

ಕೊನೆಯ ಆಟದ ದಿನ ರೈತ ಎಷ್ಟು ಕೂಗಿದನೆಂದರೆ ಅವನ ಗಂಟಲು ಪೂರ್ತಿ ಕಟ್ಟಿಹೋಯಿತು. ನೊಗ ಕಟ್ಟಿ, ಎತ್ತುಗಳನ್ನು ಬೆನ್ನು ತಟ್ಟಿಯೇ ಹೊರಡಿಸಿದ. ಹುಡುಗ ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಹುಣಿಸೆಮರ ಬಂತು. ಮಾತಿಲ್ಲ. ಹಳ್ಳ ಬಂತು. ಮಾತಿಲ್ಲ. ಹುಡುಗ ಒಂದು ಕಣ್ಣು ತೆರೆದು ಅಪ್ಪನ ಬೆನ್ನನ್ನು ನೋಡಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಣ್ಣನ್ನೂ ತೆರೆದ. ಎದ್ದು ಕೂತ.

“ಅಪ್ಪ, ಗಂಟಲು ಹೋಯಿತೇ?”

ರೈತ ತಲೆಯಾಡಿಸಿದ.

“ಒಂಚೂರೂ ಬರುವುದಿಲ್ಲವೇ?”

ರೈತ ಬಾಯಿ ತೆರೆದು ತೋರಿಸಿದ. ಬರೀ ಗಾಳಿ ಬಂತು.

ಹುಡುಗ ಮುಂದೆ ಬಂದು ಅಪ್ಪನ ಪಕ್ಕ ಕೂತ. ಎದುರು ತಂಡದಲ್ಲೊಬ್ಬ ಚೆಂಡು ಬಂದಾಗಲೆಲ್ಲ ‘ಅಯ್ಯೋ ಬಂತು’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ ಎಂದ. ಎತ್ತರದಿಂದ ಬರುವ ಚೆಂಡಿಗೆ ತನಗೆ ಇವತ್ತಿಗೂ ಭಯ ಎಂದ. ಇಂದು ತಿರುಗಿ ನೋಡದೆಯೇ ಚೆಂಡನ್ನು ಹಿಂದಕ್ಕೆ ತಳ್ಳಿದೆ, ಗೆಳೆಯ ಅಲ್ಲಿಯೇ ಇದ್ದ, ಇರುತ್ತಾನೆಂದು ತನಗೆ ಹೇಗೆ ತಿಳಿಯಿತೋ ಗೊತ್ತಿಲ್ಲ ಎಂದ. ಅದನ್ನು ಎರಡು ಸಲ ಹೇಳಿದ. ರೈತ ಅದೇ ಆಟವನ್ನು ಕಣ್ಣು ಮಿಟುಕಿಸದೆ ನೋಡಿದ್ದ. ಇದೊಂದನ್ನೂ ಕಂಡಿರಲಿಲ್ಲ.

ಊರು ಬಂತು. ರೈತ ಮನೆಯ ಮುಂದೆ ಗಾಡಿ ನಿಲ್ಲಿಸಲಿಲ್ಲ. ಎತ್ತುಗಳನ್ನು ಕೆರೆಯ ಕಡೆಗೆ ತಿರುಗಿಸಿ ಇನ್ನೊಂದು ಸುತ್ತು ಹಾಕಿಸಿದ. ಎತ್ತುಗಳಿಗೆ ಆಶ್ಚರ್ಯವಾಯಿತು.

ಮೂರು ದಿನಕ್ಕೆ ಅವನ ಗಂಟಲು ಸರಿಹೋಯಿತು. ಅದನ್ನು ಹೆಂಡತಿಗೆ ಮಾತ್ರ ಪಿಸುಗುಟ್ಟಿ ಹೇಳಿದ. ಮಗನೆದುರಿಗೆ ಇನ್ನೂ ಬಹಳ ದಿನ ಕೈಸನ್ನೆಯಲ್ಲೇ ಕಾಲ ಹಾಕಿದ.

ಗುರುಗಳು ಕತೆ ನಿಲ್ಲಿಸಿದರು.

“ಆಮೇಲೆ ಹುಡುಗ ಗರಡಿಯಲ್ಲಿ ಉಳಿದನೇ, ಬಿಟ್ಟನೇ?” ಎಂದು ಚಾರುಮತಿ ಕೇಳಿದಳು. ಅವಳಿಗೆ ಬೇಕಾಗಿದ್ದುದು ಅದೇ.

“ಅಪ್ಪನಿಗೆ ಹೇಳಿರುತ್ತಾನೆ. ನನಗೆ ಹೇಗೆ ಗೊತ್ತಾಗಬೇಕು?”

ಚಾರುಮತಿ ಚೀಲ ಹೆಗಲಿಗೇರಿಸಿದಳು. ಕತೆ ಅವಳಿಗೆ ಹಿಡಿಸಿತ್ತು. ಯಾರಿಗೆ ಹೇಳಬೇಕಾದ ಕತೆ ಎಂಬುದೂ ಹೊಳೆದಿತ್ತು.

“ಇದನ್ನು ನಮ್ಮ ಮನೆಯವರಿಗೆ ತಪ್ಪದೆ ಹೇಳುತ್ತೇನೆ, ಗುರುಗಳೇ. ಕೂಗುವವರು ಅವರೇ. ನಾನು ಕಾರಿನಲ್ಲಿ ಬರುವಾಗ ಒಂದೆರಡು ಮಾತು ತಿಳಿಸಿ ಹೇಳುತ್ತೇನೆ, ಅದೂ ಮೆಲ್ಲಗೆ. ಆದರೆ ನಮ್ಮ ಇಂಚರಳದು ಹಾಗಲ್ಲ. ಅವಳು ನಿಜವಾಗಿಯೂ ನಿದ್ದೆ ಮಾಡಿರುತ್ತಾಳೆ.”

ಗುರುಗಳು ಕೇಳಿದರು: “ಹಾಗಾದರೆ, ಮನೆ ಬಂತೆಂದು ಅವಳಿಗೆ ಯಾರು ಹೇಳುತ್ತಾರೆ, ತಾಯಿ?”