ಹಪ್ಪಳದ ಮೇಲೆ ಸುಣ್ಣ

"ಗುರುಗಳೇ, ಮನೆಯಲ್ಲೇ ಮಾಡುವ ಕಸರತ್ತಿನ ಪಾಠಗಳು ಮೊಬೈಲಿನಲ್ಲಿ ಬರುತ್ತವೆ. ಒಂದು ಕಸುವಿಗೆ, ಇನ್ನೊಂದು ದಮ್ಮಿಗೆ. ಎರಡರಲ್ಲಿ ಯಾವುದು ಮೇಲು?"

ಕೇಳಿದವನು ತಿಪ್ಪೇಶ. ಕೇಳಿದ್ದು ಗರಡಿಮನೆಯ ಗುರುಗಳನ್ನು. ಈ ಪ್ರಶ್ನೆಯ ಹಿಂದೆ ಇನ್ನೊಂದು ಮಾತು ಅಡಗಿತ್ತು. ನಾಳೆಯಿಂದ ಗರಡಿಗೆ ಬರುವುದು ಬೇಡವೆಂದು ಅವನು ಆಗಲೇ ತೀರ್ಮಾನಿಸಿದ್ದ. ಕೋಣೆಯ ಬಾಗಿಲು ಹಾಕಿಕೊಂಡು ಮಾಡಿ ಮುಗಿಸಬಹುದಾದ ಕೆಲಸಕ್ಕೆ ಬೆಳಗಾಗುವ ಮೊದಲೇ ಎದ್ದು ಬಂದು, ಹತ್ತು ಜನರ ಬೆವರು ಕುಡಿದ ಮಣ್ಣನ್ನು ಮೈಗೆ ಮೆತ್ತಿಕೊಳ್ಳುವುದೇಕೆ? ಅದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಮೊಬೈಲನ್ನು ಮುಂದೆ ಮಾಡಿದ್ದ.

ಗುರುಗಳು ಅಖಾಡದ ಮಣ್ಣನ್ನು ಸಲಿಕೆಯಿಂದ ಸಡಿಲ ಮಾಡುತ್ತಿದ್ದರು. ಸಲಿಕೆಯನ್ನು ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ ಕುಳಿತು, ಕತೆ ಹೇಳಿದರು.

ಒಬ್ಬ ಅಕ್ಕಿ ವ್ಯಾಪಾರಿ ಇದ್ದ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ಅವನ ಮೈ ಮೂಟೆಯಾಗಿತ್ತು. ಮಹಡಿಯ ಮೇಲಿನ ಮನೆ. ಮೆಟ್ಟಿಲು ಹತ್ತಿ ಬಂದರೆ ಬೀಗ ತೆಗೆಯುವ ಮೊದಲು ಸ್ವಲ್ಪ ಹೊತ್ತು ಬಾಗಿಲು ಹಿಡಿದು ನಿಲ್ಲಬೇಕಾಗುತ್ತಿತ್ತು. ವೈದ್ಯರು ಎದೆ ಪರೀಕ್ಷಿಸಿ, ನಿಧಾನವಾಗಿ ಮೈ ಬಗ್ಗಿಸುವುದನ್ನು ರೂಢಿ ಮಾಡಿಕೊಳ್ಳದಿದ್ದರೆ ಕಷ್ಟ ಎಂದರು. ಆಗ ಅವನ ಮಗಳು ತುಂಬಿದ ಬಸುರಿ. ಹೆಂಡತಿ ಬಾಣಂತನಕ್ಕೆಂದು ಮಗಳ ಊರಿಗೆ ಹೋಗಿದ್ದಳು. ಹುಟ್ಟುವ ಮೊಮ್ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಬೀದಿಯಲ್ಲಿ ಒಂದು ಸುತ್ತು ಬರಬೇಕು ಎಂಬುದು ವ್ಯಾಪಾರಿಯ ಆಸೆ. ಆ ಆಸೆಗಾಗಿಯೇ ಅವನು ಮೈ ಬಗ್ಗಿಸಲು ಒಪ್ಪಿದ.

ಮೊಬೈಲಿನಲ್ಲಿ ಹುಡುಕಿದ. ಎರಡು ಪಾಠಗಳು ಹಿಡಿಸಿದವು. ಒಂದರಲ್ಲಿ ಹುರಿಗಟ್ಟಿದ ಮೈಯವನೊಬ್ಬ ಭಾರ ಎತ್ತಿಸುತ್ತಿದ್ದ. ಇನ್ನೊಂದರಲ್ಲಿ ನಗುಮುಖದವನೊಬ್ಬ ನಿಂತಲ್ಲೇ ಓಡಿಸುತ್ತಿದ್ದ, ನೆಗೆಸುತ್ತಿದ್ದ. ಇವನು ವ್ಯಾಪಾರಿಯಲ್ಲವೇ, ತೂಗಿ ನೋಡದೆ ಯಾವುದನ್ನೂ ಒಪ್ಪುವವನಲ್ಲ. ಒಂದು ದಿನ ಅಂಗಡಿಯಿಂದ ತಂದ ಅಕ್ಕಿ ಚೀಲ ಎತ್ತಿದ. ಮರುದಿನ ನೆಗೆದ. ಎತ್ತಿದ ದಿನ ತೋಳು ಬಿಗಿಯುತ್ತಿತ್ತು, ಉಸಿರು ಹಾಗೇ ಉಳಿಯುತ್ತಿತ್ತು. ನೆಗೆದ ದಿನ ಎದೆ ತೆರೆಯುತ್ತಿತ್ತು, ತೋಳು ಜೋತು ಬೀಳುತ್ತಿತ್ತು. ಇವನು ನಡುವೆ ಕುಳಿತು ನೀರು ಕುಡಿದರೂ ನಗುಮುಖದವನು "ಭೇಷ್! ಬಹಳ ಚೆನ್ನಾಗಿ ಮಾಡುತ್ತಿದ್ದೀರಿ!" ಎನ್ನುತ್ತಿದ್ದ. ಸರಕು ನೋಡದೆ ಹೊಗಳುವ ದಲ್ಲಾಳಿಗಳನ್ನು ವ್ಯಾಪಾರಿ ಬೇಕಾದಷ್ಟು ಕಂಡಿದ್ದ. ಆದರೂ ಹೊಗಳಿಕೆ ಕಿವಿಗೆ ಹಿತವಾಗಿತ್ತು.

ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಹಪ್ಪಳ ಒತ್ತಿ ಮಾರಿ ಬದುಕುವವಳು, ಒಂಟಿ ಜೀವ, ಬಾಯಿ ಜೋರು. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದರೂ ವ್ಯಾಪಾರಿಗೆ ಅವಳ ಮುಖಕ್ಕಿಂತ ಅವಳು ಹಿಟ್ಟಿಗೆ ಹಾಕುವ ಇಂಗಿನ ವಾಸನೆಯೇ ಹೆಚ್ಚು ಪರಿಚಯ. ಅವನು ನೆಗೆದಾಗಲೆಲ್ಲ ಅವಳ ಸೂರಿನ ಹಳೇ ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರಿ ಹಪ್ಪಳದ ಮೇಲೆ ಬೀಳುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ಸಾವ್ಕಾರ್ರೇ, ನೀವು ಎತ್ತೋದನ್ನ ಎಷ್ಟಾದ್ರೂ ಮಾಡ್ರಿ. ಆ ಕುಣಿಯೋದೊಂದು ಬಿಟ್ಬಿಡ್ರಿ."

"ಬರೀ ಎತ್ತಿದ್ರೆ ಕಸುವು ಬರುತ್ತೆ, ದಮ್ಮು ಬರಲ್ಲಮ್ಮಾ."

"ನಿಮಗೆ ದಮ್ಮು ಬರಲಿ ಅಂತ ನನ್ನ ದಮ್ಮು ಹೋಗ್ಬೇಕೇನ್ರಿ?" ಎಂದು ಗೊಣಗುತ್ತಾ ಇಳಿದು ಹೋದಳು.

ವ್ಯಾಪಾರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಬೇರೊಂದು ಹುಳ ಕೊರೆಯುತ್ತಿತ್ತು. ತಾನು ಮಾಡುತ್ತಿರುವ ಹೋಲಿಕೆ ನ್ಯಾಯವಾದದ್ದಲ್ಲ ಎಂದು ಅವನಿಗೆ ಅನ್ನಿಸತೊಡಗಿತ್ತು. ನಿನ್ನೆಯ ಮೈ ಬೇರೆ, ಇವತ್ತಿನ ಮೈ ಬೇರೆ. ಒಂದು ಅಕ್ಕಿಯನ್ನು ಸೋಮವಾರ ಒಂದು ತಕ್ಕಡಿಯಲ್ಲಿ, ಇನ್ನೊಂದನ್ನು ಮಂಗಳವಾರ ಇನ್ನೊಂದರಲ್ಲಿ ತೂಗಿದರೆ ಯಾವ ಗಿರಾಕಿ ಒಪ್ಪುತ್ತಾನೆ? ಎರಡನ್ನೂ ಒಂದೇ ಬೆಳಗ್ಗೆ, ಒಂದೇ ಮೈಯಲ್ಲಿ, ಒಂದರ ಬೆನ್ನಿಗೊಂದು ಮಾಡಿ ನೋಡಬೇಕು. ಆಗ ಸರಿಯಾದ ತೂಕ ಸಿಗುತ್ತದೆ. ವ್ಯಾಪಾರದಲ್ಲಿ ಅವನಿಗೆಂದೂ ಕೈಕೊಡದ ಬುದ್ಧಿ ಅದು. ವೈದ್ಯರು ಹೇಳಿದ 'ನಿಧಾನವಾಗಿ' ಎಂಬ ಮಾತು ಅವನಿಗೆ ನೆನಪಾಗಲಿಲ್ಲ.

ಅಂದು ಬೆಳಗ್ಗೆ ಹಾಲಿನವನಿಗಾಗಿ ಬಾಗಿಲಿಗೆ ಅಗುಳಿ ಹಾಕದೆ ಬರೀ ಮುಂದೆ ಮಾಡಿ, ಚೀಲ ಎತ್ತುವುದನ್ನು ಪೂರ್ತಿ ಮುಗಿಸಿದ. ಕುಳಿತುಕೊಳ್ಳದೆ ನೆಗೆಯಲು ತೊಡಗಿದ.

ಕೆಳಗೆ ಮುದುಕಿ ಹಪ್ಪಳ ಒತ್ತುತ್ತಿದ್ದಳು. ಬೇಡವೆಂದರೂ ಕಿವಿಗೆ ಬೀಳುವ ಸದ್ದನ್ನು ಅವಳು ಕಲಿತುಬಿಟ್ಟಿದ್ದಳು. ಇದು ಚೀಲ ಇಳಿಸಿದ್ದು, ಇದು ನಿಂತಲ್ಲೇ ಓಡಿದ್ದು, ಇದು ಕಳ್ಳಾಟ, ಕಾಲು ಎತ್ತದೆ ಬರೀ ಕೈ ಬೀಸಿದ್ದು ಎಂದು ಕೂತಲ್ಲೇ ಹೇಳಬಲ್ಲವಳಾಗಿದ್ದಳು. ಅಂದು ಎರಡೂ ಸದ್ದು ಒಂದರ ಹಿಂದೊಂದು ಬಂದವು. ಇವನಿಗೇನು ಮರುಳೇ ಎಂದುಕೊಂಡಳು. ಸುಣ್ಣ ಉದುರಿತು. ಶಾಪ ಹಾಕಿದಳು. ಅಷ್ಟರಲ್ಲಿ ದಢ್ ಎಂದು ಒಂದು ಸದ್ದಾಗಿ, ಆಮೇಲೆ ಸುಣ್ಣ ಉದುರುವುದು ನಿಂತುಹೋಯಿತು.

ಅವಳು ದಿನವೂ ಬೇಡಿಕೊಳ್ಳುತ್ತಿದ್ದದ್ದು ಅದನ್ನೇ. ಆದರೆ ಲಟ್ಟಣಿಗೆ ಮುಂದೆ ಹೋಗಲಿಲ್ಲ. ಮೇಲೆ ಮೊಬೈಲಿನ ಹಾಡು ನಡೆಯುತ್ತಿತ್ತು, ಕುಣಿತ ಇರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು, ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿದಳು. ಬಾಗಿಲು ತಳ್ಳಿದರೆ ವ್ಯಾಪಾರಿ ಅಂಗಾತ ಬಿದ್ದಿದ್ದ. ಮುಖ ಬಿಳಿಚಿತ್ತು. ಮೊಬೈಲಿನಲ್ಲಿ ನಗುಮುಖದವನು "ಭೇಷ್! ಬಹಳ ಚೆನ್ನಾಗಿ ಮಾಡುತ್ತಿದ್ದೀರಿ! ನಿಲ್ಲಿಸಬೇಡಿ!" ಎನ್ನುತ್ತಿದ್ದ.

ಮುದುಕಿಯ ಜೋರು ಬಾಯಿ ಅಂದು ಕೆಲಸಕ್ಕೆ ಬಂತು. ಅವಳ ಕೂಗಿಗೆ ಬೀದಿಯೇ ಓಡಿಬಂತು. ನಾಲ್ಕು ಜನ ಅವನನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದರು. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ವೈದ್ಯರು. ಕಣ್ಣು ಬಿಟ್ಟಾಗ ಅವನ ಅಂಗಿಯ ಮೇಲೆ ಹಿಟ್ಟು ಮೆತ್ತಿದ ಐದು ಬೆರಳಿನ ಗುರುತಿತ್ತು. ಯಾರದೆಂದು ಕೇಳಿ ತಿಳಿದುಕೊಂಡ.

ಕೆಲವು ವಾರ ಕಳೆದವು. ಹೆಂಡತಿ ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಬಂದಳು. ಇನ್ನು ಮೆಲ್ಲಗೆ ಏನು ಮಾಡಿದರೂ ಆದೀತು, ಚೂರು ಎತ್ತು, ಚೂರು ಹೆಜ್ಜೆ ಹಾಕು ಎಂದು ವೈದ್ಯರು ಒಪ್ಪಿಗೆ ಕೊಟ್ಟರು. ವ್ಯಾಪಾರಿ ಈ ಸಲ ತೂಗಲು ಹೋಗಲಿಲ್ಲ. ನೆಲಕ್ಕೆ ದಪ್ಪ ಜಮಖಾನ ಹಾಸಿ, ಸಣ್ಣ ಚೀಲವೊಂದನ್ನು ಸದ್ದಾಗದಂತೆ ಎತ್ತಿ, ಸದ್ದಾಗದಂತೆ ಇಳಿಸಿದ. ಜೀವ ಉಳಿಸಿದವಳ ಹಪ್ಪಳದ ಮೇಲೆ ಒಂದು ಚೂರು ಸುಣ್ಣವೂ ಬೀಳಬಾರದು ಎಂಬುದು ಅವನ ನಿಶ್ಚಯ.

ಎರಡನೆಯ ದಿನವೇ ಮುದುಕಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಇಣುಕಿ, ಅವನು ನೆಟ್ಟಗೆ ನಿಂತಿರುವುದನ್ನು ಕಂಡು, ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು.

"ಹೆದರಬೇಡಿ ಅಮ್ಮಾ. ಇನ್ನು ನಿಮಗೆ ತೊಂದರೆ ಕೊಡಲ್ಲ. ಸದ್ದೇ ಆಗದ್ದನ್ನ ಆರಿಸಿಕೊಂಡಿದ್ದೀನಿ" ಎಂದ ವ್ಯಾಪಾರಿ.

"ಅದೇ ಬ್ಯಾಡ ಅಂತ ಹೇಳೋಕೆ ಬಂದೆ, ತಮ್ಮಾ" ಎಂದಳು ಮುದುಕಿ. "ಮೆಲ್ಲಗಾದ್ರೂ ಸರಿ, ಒಂಚೂರು ಕಾಲು ಸದ್ದು ಮಾಡು. ಮೇಲೆ ಸುಮ್ಮನಿದ್ರೆ ನನಗೆ ಕೆಳಗೆ ಕೈಯೇ ಆಡಲ್ಲ."

"ಮತ್ತೆ ಸುಣ್ಣ?"

"ಹಳೇ ಸೀರೆ ಒಂದನ್ನ ಸೂರಿಗೆ ಅಡ್ಡ ಕಟ್ಟಿದ್ದೀನಿ. ಬಿದ್ದರೆ ಅದರಾಗೆ ಬೀಳ್ತದೆ."

ವ್ಯಾಪಾರಿಯ ಕಣ್ಣು ತುಂಬಿತು. ಅವನು ಜಮಖಾನವನ್ನು ಸುತ್ತಿ ಮೂಲೆಗಿಟ್ಟ. ಅಂದಿನಿಂದ ಚೀಲ ಎತ್ತಿದ ಮೇಲೆ ಸ್ವಲ್ಪ ಹೊತ್ತು ಕೋಣೆಯಲ್ಲಿ ಹೆಜ್ಜೆ ಒತ್ತಿ ನಡೆಯುತ್ತಿದ್ದ. ಮಳೆಗಾಲ ಕಳೆಯುವ ಹೊತ್ತಿಗೆ ಮೊಮ್ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಷ್ಟಾದ. ಅಂಗಡಿಬೀದಿಗೆ ಹೋಗುವ ಮೊದಲು ಕೆಳಗಿನ ಮನೆಯ ಬಾಗಿಲಲ್ಲಿ ನಿಂತು ಮಗುವನ್ನು ಅವಳ ತೊಡೆಗೆ ಹಾಕಿದ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಸಲಿಕೆ ಕೈಗೆತ್ತಿಕೊಂಡರು. ತಿಪ್ಪೇಶ ಕಾದು ನೋಡಿದ. ಕತೆ ಚೆನ್ನಾಗಿತ್ತು, ಆದರೆ ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲ. ಅವನು ಇರುವುದೂ ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲೇ. ಆ ಕೋಣೆ ಸೇರಿ ಎರಡು ವರ್ಷವಾಗಿತ್ತು.

"ಕಸುವೋ ದಮ್ಮೋ, ನೀವು ಹೇಳಲೇ ಇಲ್ಲವಲ್ಲ ಗುರುಗಳೇ. ನನಗೆ ಯಾವುದು ಒಳ್ಳೆಯದು?"

ಗುರುಗಳು ಮಣ್ಣು ಸಡಿಲಿಸುತ್ತಲೇ ಕೇಳಿದರು:

"ನಿನ್ನ ಕೆಳಗಿನ ಮನೆಯಲ್ಲಿ ಯಾರಿದ್ದಾರಪ್ಪಾ?"

ಎರಡು ವರ್ಷದಲ್ಲಿ ತಿಪ್ಪೇಶ ಅವರ ಹೆಸರನ್ನೂ ಕೇಳಿರಲಿಲ್ಲ. ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.